ಒಸಡಿನ ಬಣ್ಣ

ಹೊಡೆಯದೆ, ಹಸಿವೆಗೆ ಕೆಡವದೆ, ಒಂದು ಗಡಸು ಮಾತನ್ನೂ ಆಡದೆ ಒಂದು ಜೀವಕ್ಕೆ ಹಿಂಸೆ ಮಾಡಲು ಆಗುತ್ತದೆಯೇ? ಆಗುತ್ತದೆ ಎಂದೇ ನನ್ನ ಉತ್ತರ. ಸಾಕುಪ್ರಾಣಿಗಳ ಮಟ್ಟಿಗಂತೂ ಒಳ್ಳೆಯವರ ಮನೆಯಲ್ಲಿ ನಡೆಯುವ ಹಿಂಸೆ ಹೆಚ್ಚಾಗಿ ಇದೇ ಬಗೆಯದು. ನಾನು ಪಂಡಿತನಲ್ಲ. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಓದಿ, ಕಾರ್ಕಳ, ಬೆಳ್ತಂಗಡಿ ಕಡೆಯ ಸರಕಾರಿ ಪಶು ಆಸ್ಪತ್ರೆಗಳಲ್ಲಿ ದುಡಿದು, ಈಗ ಮೂಡುಬಿದಿರೆಯಲ್ಲಿ ನೆಲೆಸಿರುವ ವೈದ್ಯ. ಹುಟ್ಟಿನಿಂದ ಜೈನ. ಈ ಎರಡನ್ನೂ ನಾನು ಯಾವತ್ತೂ ಬೇರೆ ಬೇರೆ ಇಟ್ಟು ಬದುಕಿಲ್ಲ. ಆದ್ದರಿಂದ ಚಿಕಿತ್ಸೆಯ ಮೇಜಿನ ಮೇಲೆ ಎದ್ದ ಪ್ರಶ್ನೆಗೆ ಗ್ರಂಥದಲ್ಲಿ ಉತ್ತರ ಹುಡುಕುವುದು, ಗ್ರಂಥದಲ್ಲಿ ಓದಿದ್ದನ್ನು ಮೇಜಿನ ಮೇಲೆ ಪರೀಕ್ಷಿಸುವುದು ನನಗೆ ಅಭ್ಯಾಸವಾಗಿದೆ.

ಒಂದು ಮನೆಯನ್ನು ನೆನೆಯುತ್ತೇನೆ. ಊರು, ಹೆಸರು ಬೇಡ. ಅಲ್ಲಿ ಬಾವಿಯಿಂದ ಸೇದಿದ ನೀರನ್ನು ಎರಡು ಮಡಿಕೆಯ ಬಟ್ಟೆಯಲ್ಲಿ ಸೋಸದೆ ಒಂದು ಲೋಟವೂ ಒಳಗೆ ಹೋಗುತ್ತಿರಲಿಲ್ಲ. ಸೋಸಿದ ಬಟ್ಟೆಯನ್ನು ಹಿಂಡುವಂತಿಲ್ಲ. ಅದರಲ್ಲಿ ಉಳಿದ, ಕಣ್ಣಿಗೆ ಕಾಣದ ಜೀವಗಳು ಸಾಯಬಾರದೆಂದು ಸೋಸಿದ ನೀರನ್ನೇ ಬಟ್ಟೆಯ ಮೇಲೆ ಹೊಯ್ದು, ಆ ನೀರನ್ನು ಅದೇ ಬಾವಿಗೆ ಮೆಲ್ಲನೆ ಇಳಿಸುತ್ತಿದ್ದರು. ಸೂರ್ಯ ಮುಳುಗಿದ ಮೇಲೆ ಊಟವಿಲ್ಲ. ಅಂಥ ಮನೆಯಿಂದ ಒಂದು ಸಂಜೆ ಗಂಡು ಬೆಕ್ಕೊಂದನ್ನು ಬುಟ್ಟಿಯಲ್ಲಿ ಹೊತ್ತು ತಂದರು.

"ಹೊಟ್ಟೆ ಕಟ್ಟಿದೆ ಡಾಕ್ಟ್ರೇ. ಮೊನ್ನೆಯಿಂದ ಬೂದಿ ರಾಶಿಯಲ್ಲಿ ಕೂತು ತಿಣುಕ್ತಾ ಉಂಟು. ಹರಳೆಣ್ಣೆ ಕುಡಿಸಿ ನೋಡಿದೆವು, ಏನೂ ಆಗ್ಲಿಲ್ಲ" ಎಂದರು ಮನೆಯ ಅಮ್ಮ.

ಬೆಕ್ಕಿನ ಕೆಳಹೊಟ್ಟೆಗೆ ಕೈ ಹಾಕಿದೆ. ಮೂತ್ರಕೋಶ ಉಬ್ಬಿ, ಬಿಗಿದು, ಕಲ್ಲಾಗಿ ಕೈಗೆ ಸಿಕ್ಕಿತು. ಕಟ್ಟಿದ್ದು ಮಲವಲ್ಲ, ಮೂತ್ರ. ಗಂಡು ಬೆಕ್ಕಿನ ಮೂತ್ರನಾಳ ತುದಿಗೆ ಬರುತ್ತಾ ತೀರ ಸಪೂರವಾಗುತ್ತದೆ. ಸಣ್ಣ ಹರಳೋ ಲೋಳೆಯೋ ಅಲ್ಲಿ ಸಿಕ್ಕಿಕೊಂಡರೆ ಹನಿ ಮೂತ್ರವೂ ಹೊರಗೆ ಬರುವುದಿಲ್ಲ. ಮೂತ್ರದ ಜೊತೆ ಹೋಗಬೇಕಾದ ಪೊಟ್ಯಾಸಿಯಂ ರಕ್ತದಲ್ಲೇ ಉಳಿದು ಏರುತ್ತದೆ. ಅದು ಏರಿದಂತೆ ಎದೆಬಡಿತ ಇಳಿಯುತ್ತದೆ, ಕೊನೆಗೆ ನಿಲ್ಲುತ್ತದೆ. ಪೂರ್ತಿ ಕಟ್ಟಿದ ಬೆಕ್ಕಿಗೆ ಇರುವ ಸಮಯ ಒಂದೆರಡು ದಿನ, ಹೆಚ್ಚೆಂದರೆ ಮೂರು. ಈ ಬೆಕ್ಕಿನ ಮೈ ಆಗಲೇ ತಣ್ಣಗಾಗಿತ್ತು. ನಿಮಿಷಕ್ಕೆ 140ಕ್ಕಿಂತ ಮೇಲೆ ಇರಬೇಕಾದ ಎದೆಬಡಿತ ನೂರರ ಒಳಗೆ ಬಂದಿತ್ತು. ನಳಿಗೆ ಹಾಕಿ ಮೂತ್ರ ಬಿಡಿಸುವಷ್ಟರಲ್ಲಿ ಪ್ರಾಣ ಹೋಯಿತು.

ಆ ಅಮ್ಮ ಅತ್ತದ್ದನ್ನು ನಾನು ಮರೆತಿಲ್ಲ. ಅವರನ್ನು ದೂರುವ ಮನಸ್ಸು ನನಗೆ ಅಂದೂ ಇರಲಿಲ್ಲ, ಇಂದೂ ಇಲ್ಲ. ಆದರೆ ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಕಣ್ಣಿಗೆ ಕಾಣದ ಜೀವಕ್ಕಾಗಿ ಬಟ್ಟೆ ಹಿಡಿಯಲು ಕಲಿಸಿದ ಧರ್ಮ, ಕಣ್ಣೆದುರಿಗೇ ಎರಡು ದಿನ ತಿಣುಕಿದ ಜೀವವನ್ನು ನೋಡಲು ಕಲಿಸಲಿಲ್ಲವೇ? ಕಲಿಸಿದೆ. ನಾವು ಆ ಪಾಠವನ್ನು ಅಡಿಗೆಮನೆಯಲ್ಲೇ ನಿಲ್ಲಿಸಿಕೊಂಡೆವು.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರ ಹಿಂಸೆ ಏನೆಂದು ಹೇಳುವಾಗ ಪ್ರಾಣಹಾನಿಯನ್ನಷ್ಟೇ ಹೇಳಿ ಬಿಡುವುದಿಲ್ಲ. ಆ ಹಾನಿ ಪ್ರಮಾದದಿಂದ, ಅಂದರೆ ಎಚ್ಚರಗೇಡಿತನದಿಂದ ಆದದ್ದಾಗಿರಬೇಕು ಎನ್ನುತ್ತದೆ. ಅಮೃತಚಂದ್ರಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇದನ್ನು ಇನ್ನಷ್ಟು ಬಿಡಿಸುತ್ತಾರೆ. ಎಚ್ಚರದಿಂದ ಹೆಜ್ಜೆಯಿಟ್ಟವನ ಕಾಲಡಿಗೆ ಒಂದು ಜೀವ ಸಿಕ್ಕಿ ಸತ್ತರೂ ಅವನಿಗೆ ಹಿಂಸೆಯ ದೋಷವಿಲ್ಲ. ಎಚ್ಚರವಿಲ್ಲದೆ ನಡೆದವನಿಗೆ, ಜೀವ ಸಾಯಲಿ ಉಳಿಯಲಿ, ಹಿಂಸೆ ಆಗಿಯೇ ಆಗಿದೆ. ನಾವು ಸಾಮಾನ್ಯವಾಗಿ ಇದರ ಮೊದಲ ಅರ್ಧವನ್ನು ಮಾತ್ರ ನೆಚ್ಚಿಕೊಳ್ಳುತ್ತೇವೆ. "ಬೇಕೆಂದು ಮಾಡಿದ್ದಲ್ಲವಲ್ಲ" ಎಂದು ಸಮಾಧಾನ ತಂದುಕೊಳ್ಳುತ್ತೇವೆ. ಎರಡನೆಯ ಅರ್ಧಕ್ಕೆ ಆ ಸಮಾಧಾನ ಸಾಲದು.

ಪ್ರಮಾದಗಳು ಯಾವುವು ಎಂದು ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ ಗೊಮ್ಮಟಸಾರದಲ್ಲಿ ಎಣಿಸಿದ್ದಾರೆ. ಒಟ್ಟು ಹದಿನೈದು. ನಾಲ್ಕು ಬಗೆಯ ಕಾಡುಹರಟೆ, ಕ್ರೋಧ, ಲೋಭ ಮೊದಲಾದ ನಾಲ್ಕು ಕಷಾಯ, ಐದು ಇಂದ್ರಿಯ, ಆಮೇಲೆ ನಿದ್ರೆ, ಕೊನೆಯದಾಗಿ ಸ್ನೇಹ. ಇದು ಮುನಿಗಳ ಗುಣಸ್ಥಾನದ, ಅಂದರೆ ಆತ್ಮ ಏರುವ ಮೆಟ್ಟಿಲಿನ, ಚರ್ಚೆಯಲ್ಲಿ ಬರುವ ಮಾತು ಎಂದು ಬಲ್ಲೆ. ಮುನಿಗಳಿಗೇ ಇಷ್ಟು ಕಡೆ ಜಾರಿಕೆ ಇದ್ದರೆ ನಮ್ಮಂಥ ಗೃಹಸ್ಥರ ಪಾಡು ಹೇಳಬೇಕೇ? ಕ್ರೋಧ, ಲೋಭ ಈ ಪಟ್ಟಿಯಲ್ಲಿ ಇರುವುದು ಯಾರಿಗೂ ಆಶ್ಚರ್ಯವಲ್ಲ. ಸ್ನೇಹ ಏಕೆ ಬಂತು? ಪ್ರೀತಿ ಹೇಗೆ ಎಚ್ಚರಗೇಡಿಯಾಗುತ್ತದೆ? ವೈದ್ಯನಾಗುವ ತನಕ ನನಗೆ ಇದು ತಿಳಿದಿರಲಿಲ್ಲ.

ಆಸ್ಪತ್ರೆಯಲ್ಲಿ ದಿನವೂ ಕಂಡೆ. "ಪಾಪ, ಸುಸ್ತಾಗಿ ಮಲಗಿದೆ, ಎಬ್ಬಿಸುವುದು ಬೇಡ" ಎನ್ನುವುದು ಪ್ರೀತಿಯೇ. "ನನ್ನ ಮೇಲೆ ಕೋಪ ಅದಕ್ಕೆ, ನಿನ್ನೆ ಒಬ್ಬನೇ ಬಿಟ್ಟು ಹೋಗಿದ್ದೆನಲ್ಲ, ಅದಕ್ಕೇ ಊಟ ಬಿಟ್ಟಿದೆ" ಎನ್ನುವುದೂ ಪ್ರೀತಿಯೇ. ನಾಯಿಯ ಮುಖದಲ್ಲಿ ನಾವು ನಮ್ಮ ಮನಸ್ಸನ್ನೇ ಓದುತ್ತೇವೆ. ಮನೆಯ ಜೀವಕ್ಕೆ ದೊಡ್ಡ ಕಾಯಿಲೆ ಬಂದಿರಬಹುದು ಎಂಬ ಯೋಚನೆ ಪ್ರೀತಿಗೆ ಸಹಿಸದು. ಸಹಿಸದ್ದನ್ನು ಕಣ್ಣು ಕಾಣುವುದಿಲ್ಲ. ಅತ್ತ ಪ್ರಾಣಿಯೂ ತನ್ನ ನೋವನ್ನು ಮುಚ್ಚಿಡುತ್ತದೆ, ಬೆಕ್ಕಂತೂ ಇದರಲ್ಲಿ ನಿಸ್ಸೀಮ. ಕಾಡಿನಲ್ಲಿ ಸೋತದ್ದನ್ನು ತೋರಿಸಿಕೊಂಡ ಪ್ರಾಣಿ ಇನ್ನೊಂದರ ಬಾಯಿಗೆ ಬೀಳುತ್ತದೆ, ಆ ಹುಟ್ಟುಗುಣ ಮನೆಯ ಮಂಚದ ಮೇಲೂ ಹೋಗುವುದಿಲ್ಲ. ಹಾಗಾಗಿ ನರಳುವುದಿಲ್ಲ, ಅಳುವುದಿಲ್ಲ. ಮಂಚದಡಿಗೋ ಕಪಾಟಿನ ಹಿಂದಕ್ಕೋ ಸರಿದು ಕೂರುತ್ತದೆ, ಮೈ ನೆಕ್ಕಿಕೊಳ್ಳುವುದನ್ನು ಬಿಡುತ್ತದೆ. ನಮಗೆ ಕಾಣುವುದು ಅಷ್ಟೇ.

ಇನ್ನೊಂದು ಮಾತನ್ನು ನಾನು ಕೇಳಿದಷ್ಟು ಬೇರೆ ಯಾರೂ ಕೇಳಿರಲಾರರು: "ಅದರ ಆಯುಷ್ಯ ಮುಗಿದಿದ್ದರೆ ನೀವೇನು ಮಾಡ್ಲಿಕ್ಕಾಗ್ತದೆ ಡಾಕ್ಟ್ರೇ. ಎಲ್ಲ ಕರ್ಮ." ದುಃಖದಲ್ಲಿ ಆಡುವ ಮಾತು, ಆಗ ನಾನು ಎದುರಾಡುವುದಿಲ್ಲ. ಇಲ್ಲಿ ಎದುರಾಡಬೇಕು. ಏಕೆಂದರೆ ಕರ್ಮಸಿದ್ಧಾಂತವನ್ನು ನಮ್ಮಷ್ಟು ಸೂಕ್ಷ್ಮವಾಗಿ ಬಿಡಿಸಿದವರು ವಿರಳ. ಆ ಸಿದ್ಧಾಂತವೇ ಈ ಮಾತನ್ನು ಒಪ್ಪುವುದಿಲ್ಲ.

ಆಯುಷ್ಯ ಒಂದು ಕರ್ಮ, ನಿಜ. ಆದರೆ ದೇವತೆಗಳು, ನಾರಕಿಗಳು, ಅದೇ ಜನ್ಮದಲ್ಲಿ ಮೋಕ್ಷಕ್ಕೆ ಹೋಗುವವರು ಮೊದಲಾದ ಕೆಲವರನ್ನು ಬಿಟ್ಟರೆ ಉಳಿದವರ ಆಯುಷ್ಯ ನಡುವೆಯೇ ಕಡಿದುಹೋಗಬಹುದು ಎಂದು ತತ್ತ್ವಾರ್ಥಸೂತ್ರ ಒಪ್ಪಿಕೊಳ್ಳುತ್ತದೆ. ನಾಯಿ, ಬೆಕ್ಕು, ದನ, ನಾವು, ಎಲ್ಲರೂ ಈ ಉಳಿದವರಲ್ಲಿ ಬರುತ್ತೇವೆ. ಇದಕ್ಕೆ ಅಕಾಲಮರಣ ಎಂದೂ ಕದಲೀಘಾತ ಎಂದೂ ಹೆಸರು. ಗೊನೆ ಹಾಕಬೇಕಾದ ಬಾಳೆಯನ್ನು ಒಂದೇ ಏಟಿಗೆ ಕಡಿದ ಹಾಗೆ. ಹೀಗೆ ಕಡಿಯುವ ಕಾರಣಗಳನ್ನು ಗೊಮ್ಮಟಸಾರದ ಕರ್ಮಕಾಂಡ ಹೆಸರು ಹಿಡಿದು ಹೇಳುತ್ತದೆ: ವಿಷ, ವೇದನೆ, ರಕ್ತನಾಶ, ಭಯ, ಶಸ್ತ್ರದ ಪೆಟ್ಟು, ಮನಸ್ಸಿನ ಸಂಕ್ಲೇಶ, ಉಸಿರು ಕಟ್ಟುವುದು, ಆಹಾರ ಕಟ್ಟುವುದು. ನೇಮಿಚಂದ್ರರು ಚಾವುಂಡರಾಯನ ಗುರುಗಳು, ಹತ್ತನೆಯ ಶತಮಾನದವರು. ಅವರು ಪಶುವೈದ್ಯ ಬರೆಯಲು ಹೊರಟಿದ್ದರೆಂದು ನಾನು ಹೇಳುತ್ತಿಲ್ಲ. ಆದರೆ ರಾತ್ರಿ ಹನ್ನೊಂದಕ್ಕೆ ಫೋನ್ ಬಂದಾಗ, ಈಗಲೇ ಬರಬೇಕೋ ಬೆಳಗಾಗಲಿ ಎನ್ನಬೇಕೋ ಎಂದು ತೀರ್ಮಾನಿಸಲು ನಾನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ ಎಂಟು. ಆಯುಷ್ಯ ತಾನಾಗಿ ಮುಗಿಯುತ್ತಿದೆಯೋ ಯಾವುದೋ ಒಂದು ಕೈ ಅದನ್ನು ಕಡಿಯುತ್ತಿದೆಯೋ ಎಂದು ನೋಡಿದವನಿಗೆ ಮಾತ್ರ ತಿಳಿಯುತ್ತದೆ. ನೋಡದೆ ಕರ್ಮದ ಹೆಸರು ಎತ್ತುವುದು ಸಿದ್ಧಾಂತಕ್ಕೂ ಅಪಚಾರ, ಪ್ರಾಣಿಗೂ ಅಪಚಾರ.

ಈ ಎಂಟರಲ್ಲಿ ಉಸಿರಿನಿಂದ ಶುರು ಮಾಡುತ್ತೇನೆ, ಏಕೆಂದರೆ ಅಲ್ಲಿ ಉಳಿಯುವುದು ನಿಮಿಷಗಳು. ನಾಯಿ ಅಥವಾ ಬೆಕ್ಕು ಗಾಢವಾಗಿ ಮಲಗಿದಾಗ ಅದರ ಅಳ್ಳೆ ನೋಡಿ. ಏರಿ ಇಳಿದರೆ ಒಂದು ಉಸಿರು. ಅರ್ಧ ನಿಮಿಷ ಎಣಿಸಿ ಇಮ್ಮಡಿ ಮಾಡಿ. ನಿಮಿಷಕ್ಕೆ ಮೂವತ್ತರ ಒಳಗಿದ್ದರೆ ಸರಿ. ಮಲಗಿದ್ದಾಗಲೂ ನಲವತ್ತು ದಾಟುತ್ತಿದ್ದರೆ ಎದೆಯಲ್ಲಿ ಏನೋ ಕೆಟ್ಟಿದೆ, ಅಂದೇ ವೈದ್ಯರಿಗೆ ತೋರಿಸಬೇಕು. ಆರೋಗ್ಯವಾಗಿರುವಾಗಲೇ ನಾಲ್ಕಾರು ಸಲ ಎಣಿಸಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟವರ ಮನೆಯ ಪ್ರಾಣಿಗಳು ನನ್ನ ಬಳಿಗೆ ಸಕಾಲಕ್ಕೆ ಬಂದಿವೆ. ನಾಯಿ ಬಾಯಿ ತೆರೆದು ಏದುಸಿರು ಬಿಡುವುದು ಸಹಜ. ಬೆಕ್ಕು ಹಾಗೆ ಮಾಡಬಾರದು. ಸುಮ್ಮನೆ ಕೂತ ಬೆಕ್ಕು ಕತ್ತು ಚಾಚಿ ಬಾಯಿ ತೆರೆದು ಉಸಿರಾಡುತ್ತಿದೆ ಎಂದರೆ ಅದು ಕಡೆಯ ಶಕ್ತಿ ಹಾಕುತ್ತಿದೆ ಎಂದು ಅರ್ಥ. ನಮ್ಮ ಕರಾವಳಿಯ ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಪಗ್‌ನಂಥ ಮೋಟು ಮೂಗಿನ ನಾಯಿಗಳದ್ದೂ ಇದೇ ಕಥೆ. 101, 102 ಡಿಗ್ರಿ ಫ್ಯಾರನ್‌ಹೀಟ್ ಇರಬೇಕಾದ ಮೈಬಿಸಿ 106 ಮುಟ್ಟಿತೆಂದರೆ ಒಳಗಿನ ಅಂಗಗಳು ಬೇಯಲು ಶುರು. ಬಾವಿಯ ನೀರು ಹೊಯ್ದು, ಫ್ಯಾನಿನ ಗಾಳಿ ಹಿಡಿದು, ಆಮೇಲೆ ಕಾರು ಹತ್ತಿಸಬೇಕು.

ರಕ್ತ ಹೊರಗೆ ಹರಿದರೆ ಎಲ್ಲರಿಗೂ ಕಾಣುತ್ತದೆ. ಒಳಗೇ ಹರಿದುಹೋದರೆ? ಬೈಕು ತಾಗಿ ಉರುಳಿದ ನಾಯಿ ಎದ್ದು ಓಡಿತು, "ಏನೂ ಆಗ್ಲಿಲ್ಲ" ಎಂದು ಮನೆಯವರು ನಿಶ್ಚಿಂತರಾದರು, ಮರುದಿನ ಬೆಳಿಗ್ಗೆ ಅಂಗಳದಲ್ಲಿ ತಣ್ಣಗೆ ಬಿದ್ದಿತ್ತು ಎಂಬುದನ್ನು ಎಷ್ಟೋ ಬಾರಿ ಕೇಳಿದ್ದೇನೆ. ಅದಕ್ಕೇ ಒಸಡು ನೋಡಲು ಕಲಿಯಿರಿ ಎಂದು ಕೈಮುಗಿದು ಹೇಳುತ್ತೇನೆ. ಮೇಲಿನ ತುಟಿಯನ್ನು ಮೆಲ್ಲಗೆ ಎತ್ತಿ. ಕೋರೆಹಲ್ಲಿನ ಮೇಲಿನ ಒಸಡನ್ನು ಹೆಬ್ಬೆರಳಿನಲ್ಲಿ ಒತ್ತಿ ಬಿಡಿ. ಒತ್ತಿದ ಜಾಗ ಬೆಳ್ಳಗಾಗಿ, ಎರಡು ಸೆಕೆಂಡಿನೊಳಗೆ ಗುಲಾಬಿ ಬಣ್ಣ ಮರಳಬೇಕು. ಮರಳಲು ತಡವಾದರೆ ರಕ್ತ ಓಡಾಡುತ್ತಿಲ್ಲ. ಒಸಡು ಒತ್ತುವ ಮೊದಲೇ ಬಿಳಿಚಿದ್ದರೆ ರಕ್ತವೇ ಉಳಿದಿಲ್ಲ. ನೀಲಿ ತಿರುಗಿದ್ದರೆ ಉಸಿರಿನ ತೊಂದರೆ, ಹಳದಿಯಾದರೆ ಕಾಮಾಲೆ, ಕೆಂಡದ ಕೆಂಪಾದರೆ ಮೈಯೊಳಗೆ ಬೆಂಕಿ. ಕೆಲವು ನಾಯಿಗಳ ಒಸಡು ಹುಟ್ಟಿನಿಂದಲೇ ಕಪ್ಪು. ಅಂಥವುಗಳ ಕೆಳರೆಪ್ಪೆಯನ್ನು ಜಗ್ಗಿ ಒಳಭಾಗ ನೋಡಬೇಕು. ಇಷ್ಟಕ್ಕೆ ಯಾವ ಯಂತ್ರವೂ ಬೇಡ, ಡಿಗ್ರಿಯೂ ಬೇಡ. ನೀರು ಸೋಸಲು ಬೇಕಾಗುವುದಕ್ಕಿಂತ ಕಡಿಮೆ ಹೊತ್ತು ಸಾಕು.

ವಿಷದ ವಿಚಾರದಲ್ಲಿ ನಾವು ಮೋಸಹೋಗುವುದು ಅದು ತಡವಾಗಿ ಬಾಯಿ ತೆರೆಯುವುದರಿಂದ. ಈಗ ಅಂಗಡಿಯಲ್ಲಿ ಸಿಗುವ ಎಷ್ಟೋ ಇಲಿ ಪಾಷಾಣಗಳು ರಕ್ತ ಹೆಪ್ಪುಗಟ್ಟುವುದನ್ನು ತಡೆಯುವಂಥವು. ತಿಂದ ನಾಯಿ ಅಂದು ಚೆನ್ನಾಗಿರುತ್ತದೆ, ಮರುದಿನವೂ ಆಡುತ್ತದೆ, ಮೂರು ನಾಲ್ಕು ದಿನ ಕಳೆದ ಮೇಲೆ ಮೂಗಿನಿಂದಲೋ ಎದೆಯೊಳಗೋ ರಕ್ತ ಸೋರುತ್ತದೆ. ತಿಂದದ್ದು ಗೊತ್ತಾದ ಗಂಟೆಯಲ್ಲೇ ತಂದರೆ ವಾಂತಿ ಮಾಡಿಸಿ, ವಿಟಮಿನ್ ಕೆ ಕೊಟ್ಟು ಉಳಿಸಬಹುದು. ಪೊಟ್ಟಣವನ್ನೂ ಜೊತೆಗೆ ತರಬೇಕು. ಬೆಕ್ಕಿಗೆ ಜ್ವರವೆಂದು ಮನುಷ್ಯರ ಪ್ಯಾರಸಿಟಮಾಲ್ ಕೊಡುವುದು ವಿಷ ಕೊಟ್ಟಂತೆಯೇ. ಅದನ್ನು ಅರಗಿಸುವ ಶಕ್ತಿ ಬೆಕ್ಕಿನ ದೇಹಕ್ಕಿಲ್ಲ, ಒಂದು ಮಾತ್ರೆಯೇ ಕೊಲ್ಲಬಲ್ಲದು.

ಹಾವಿನ ವಿಷಯ ನಮ್ಮ ಜಿಲ್ಲೆಯಲ್ಲಿ ಸೂಕ್ಷ್ಮ. ಮನೆಯ ನಾಯಿಗೆ ನಾಗರಹಾವು ಕಚ್ಚಿದರೆ ಮೊದಲು ನಾಗಬನಕ್ಕೆ ಹಾಲೆರೆಯಲು ಹೋಗುವವರಿದ್ದಾರೆ. ಅವರ ಭಕ್ತಿಯನ್ನು ಗೌರವಿಸುತ್ತೇನೆ. ಉರಿಯುವ ಕೊರಡಿನೊಳಗಿದ್ದ ಸರ್ಪದಂಪತಿಗೆ ಕಡೆಯ ಗಳಿಗೆಯಲ್ಲಿ ಕರುಣೆ ತೋರಿದ ಪಾರ್ಶ್ವನಾಥನನ್ನೂ, ಆ ಸರ್ಪವೇ ಮರುಹುಟ್ಟಿನಲ್ಲಿ ಧರಣೇಂದ್ರನಾಗಿ ಅವನ ತಲೆಯ ಮೇಲೆ ಹೆಡೆ ಬಿಚ್ಚಿದ್ದನ್ನೂ ದಿನವೂ ನೋಡಿ ಕೈಮುಗಿಯುವವನು ನಾನು. ಕಚ್ಚಿದ ಹಾವನ್ನು ಕೊಲ್ಲಬೇಡಿ, ಹಿಡಿದು ತರಲೂ ಬೇಡಿ. ಆದರೆ ನಾಯಿ ಜೊಲ್ಲು ಸುರಿಸುತ್ತಾ, ರೆಪ್ಪೆ ಜೋತು, ಹಿಂಗಾಲು ಎಳೆಯಲು ಶುರು ಮಾಡಿದರೆ ಮುಂದಿನದು ಉಸಿರಾಟದ ಸ್ನಾಯುಗಳ ಸರದಿ. ಕೊಳಕುಮಂಡಲವಾದರೆ ಕಚ್ಚಿದ ಭಾಗ ನೋಡುನೋಡುತ್ತಿದ್ದಂತೆ ಬಾತು, ಮೂತ್ರ ಕೆಂಪಾಗುತ್ತದೆ. ಬಿಗಿಯಾಗಿ ದಾರ ಕಟ್ಟುವುದು, ಕೊಯ್ಯುವುದು, ಸುಡುವುದು ಯಾವುದೂ ಬೇಡ. ಆದಷ್ಟು ನಡೆಸದೆ, ಎತ್ತಿಕೊಂಡು, ವಿಷನಿರೋಧಕ ಚುಚ್ಚುಮದ್ದು ಇರುವ ಕಡೆಗೆ ಹೋಗಬೇಕು. ಹಾಲೆರೆಯಲು ನಾಳೆಯೂ ಸಮಯವಿದೆ.

ವೇದನೆಗೆ ಒಂದೇ ಉದಾಹರಣೆ ಕೊಟ್ಟು ಮುಂದೆ ಹೋಗುತ್ತೇನೆ. ಜರ್ಮನ್ ಶೆಫರ್ಡ್, ಗ್ರೇಟ್ ಡೇನ್‌ನಂಥ ಆಳವಾದ ಎದೆಯ ದೊಡ್ಡ ನಾಯಿ ಊಟವಾದ ಮೇಲೆ ಒಂದೇ ಸಮನೆ ಓಕರಿಸುತ್ತದೆ, ಬಾಯಿಯಿಂದ ನೊರೆ ಬಿಟ್ಟರೆ ಏನೂ ಬರುವುದಿಲ್ಲ, ಹೊಟ್ಟೆ ಊದುತ್ತಿದೆ, ಕೂರಲಾರದು ನಿಲ್ಲಲಾರದು. ಜಠರ ಉಬ್ಬಿ ತಿರುಚಿಕೊಂಡಿದೆ. ಗಂಟೆಗಳ ಲೆಕ್ಕ. ಮೂಡುಬಿದಿರೆಯಿಂದ ಮಂಗಳೂರಿಗೆ ಸುಮಾರು 35 ಕಿಲೋಮೀಟರ್. ರಾತ್ರಿಯಾಗಲಿ ಮಳೆಯಾಗಲಿ ಆಗಲೇ ಹೊರಡಬೇಕು. ರಾಸುಗಳಿಗಾದರೆ 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನದವರು ಮನೆ ಬಾಗಿಲಿಗೆ ಬರುವ ಏರ್ಪಾಡು ಈಗ ಇದೆ. ಕರು ಹಾಕಿದ ಮರುದಿನ ಮಲಗಿ ಕತ್ತು ಒಂದು ಕಡೆ ಮಡಚಿಕೊಂಡ ಹಸುವಿಗೆ ಕ್ಯಾಲ್ಸಿಯಂ ಏರಿಸಿದರೆ ಕಣ್ಣೆದುರೇ ಎದ್ದು ನಿಲ್ಲುವುದನ್ನು ನೋಡಿದವರಿಗೆ ಅಕಾಲಮರಣ ತಪ್ಪಿಸುವುದೆಂದರೆ ಏನೆಂದು ಯಾರೂ ಬೋಧಿಸಬೇಕಿಲ್ಲ.

ಎಚ್ಚರ ಎಂದರೆ ಹೆದರಿಕೆಯಲ್ಲ. ಒಂದು ಸಲ ವಾಂತಿ ಮಾಡಿ ಆಮೇಲೆ ಬಾಲ ಅಲ್ಲಾಡಿಸುತ್ತಾ ಅನ್ನ ಕೇಳುವ ನಾಯಿ ಬೆಳಗಿನ ತನಕ ಕಾಯಬಹುದು. ಕುಂಟುತ್ತಿದ್ದರೂ ಕಾಲು ಊರುತ್ತಿದ್ದರೆ ಕಾಯಬಹುದು. ಆದರೆ ನಾಯಿಮರಿ ವಾಂತಿಯ ಜೊತೆ ರಕ್ತಭೇದಿ ಮಾಡಿದರೆ, ಸೆಳೆತ ಐದು ನಿಮಿಷ ದಾಟಿದರೆ, ಮೊಲ ಅರ್ಧ ದಿನ ಏನೂ ತಿನ್ನದಿದ್ದರೆ ಕಾಯುವಂತಿಲ್ಲ. ವ್ಯತ್ಯಾಸ ತಿಳಿಯದವನು ಎಲ್ಲಕ್ಕೂ ಓಡುತ್ತಾನೆ, ಇಲ್ಲವೇ ಯಾವುದಕ್ಕೂ ಓಡುವುದಿಲ್ಲ.

ಈಗ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ ಸಂಗತಿಗೆ ಬರುತ್ತೇನೆ. ಒಬ್ಬ ಹಿರಿಯರು, ವ್ರತನಿಷ್ಠರು, ಬೇರೊಂದು ಕೆಲಸಕ್ಕೆ ಅವರ ಮನೆಗೆ ಹೋದಾಗ ಜಗಲಿಯ ಮೂಲೆಯಲ್ಲಿ ಮಲಗಿದ್ದ ಮುದಿ ನಾಯಿಯನ್ನು ತೋರಿಸಿದರು. ಪಕ್ಕದಲ್ಲಿ ಮೊಬೈಲಿನಲ್ಲಿ ಣಮೋಕಾರ ಮಂತ್ರ ಮೆಲುದನಿಯಲ್ಲಿ ಹಾಡುತ್ತಿತ್ತು. "ಅನ್ನ ನೀರು ಬಿಟ್ಟಿದೆ. ಸಲ್ಲೇಖನ ಅಂತ ಕಾಣ್ತದೆ. ನಾವು ತೊಂದರೆ ಕೊಡುವುದು ಬೇಡ ಅಂತ ಮಂತ್ರ ಕೇಳಿಸ್ತಾ ಇದ್ದೇವೆ" ಎಂದರು.

ಸಲ್ಲೇಖನ ಎಂದರೆ ಆಹಾರವನ್ನು ಬಿಡುತ್ತಾ ಸಾವನ್ನು ಎದುರುಗೊಳ್ಳುವ ವ್ರತ. ಅವರ ಮಾತನ್ನು ಮೂಢತನವೆಂದು ತಳ್ಳಿಹಾಕುವವನು ನಾನಲ್ಲ. ಪ್ರಾಣಿ ವ್ರತ ತೊಡಬಹುದು ಎಂಬುದು ನಮ್ಮ ಆಗಮದ ಮಾತು. ಮೂಡುಬಿದಿರೆಯ ಗುರುಬಸದಿಯಲ್ಲಿ ತಾಳೆಗರಿಗಳಲ್ಲಿ ಶತಮಾನಗಳ ಕಾಲ ಉಳಿದುಬಂದ ಷಟ್ಖಂಡಾಗಮದ ಪ್ರಕಾರ ತಿರ್ಯಂಚ ಜೀವಿ, ಅಂದರೆ ಪ್ರಾಣಿ, ಐದನೆಯ ಗುಣಸ್ಥಾನದವರೆಗೆ ಏರಬಲ್ಲದು, ಅಂದರೆ ವ್ರತ ಹಿಡಿದ ಶ್ರಾವಕನ ಮಟ್ಟಕ್ಕೆ. ಮಹಾವೀರನೇ ಹಿಂದಿನ ಒಂದು ಭವದಲ್ಲಿ ಸಿಂಹವಾಗಿದ್ದಾಗ ಮುನಿಗಳ ಉಪದೇಶ ಕೇಳಿ ವ್ರತ ಹಿಡಿದು, ಆಹಾರ ಬಿಟ್ಟು ದೇಹ ಬಿಟ್ಟನೆಂದು ಪುರಾಣ. ತೀರ್ಥಂಕರರು ಉಪದೇಶಿಸುವ ಸಮವಸರಣದ ಹನ್ನೆರಡು ಸಭೆಗಳಲ್ಲಿ ಒಂದು ಪ್ರಾಣಿಗಳದ್ದು. ಆ ಹಿರಿಯರು ನಾಯಿಯಲ್ಲಿ ಒಬ್ಬ ಸಹಧರ್ಮಿಯನ್ನು ಕಂಡರು. ಅದು ದೊಡ್ಡ ಮಾತು, ಅದನ್ನು ಒಪ್ಪಿಕೊಂಡೇ ನಾನು ನಾಯಿಯ ಬಳಿ ಕೂತೆ.

ತುಟಿ ಎತ್ತಿದೆ. ಒಸಡು ಪೂರ್ತಿ ಬಿಳಿಚಿತ್ತು. ಜ್ವರ 105. ಕಿವಿಯ ಮಡಿಕೆಯಲ್ಲಿ ಉಣ್ಣಿಗಳು ಕಚ್ಚಿಕೊಂಡಿದ್ದವು. ಮೂತ್ರದ ಬಣ್ಣ ಕೇಳಿದೆ, "ಕಾಫಿ ಡಿಕಾಕ್ಷನ್ ಬಣ್ಣ" ಎಂದರು. ಉಣ್ಣಿಯಿಂದ ಬರುವ ಜ್ವರ, ಸೂಕ್ಷ್ಮಜೀವಿ ರಕ್ತಕಣಗಳನ್ನು ಒಡೆದು ಹಾಕುತ್ತಿತ್ತು. ನಾಯಿ ಆಹಾರವನ್ನು ತ್ಯಾಗ ಮಾಡಿರಲಿಲ್ಲ, ಆಹಾರ ಅದಕ್ಕೆ ಸೇರುತ್ತಿರಲಿಲ್ಲ.

ಆ ಹಿರಿಯರಿಗೆ ನಾನು ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವನ್ನು ನೆನಪಿಸಿದೆ. ಅವರಿಗೆ ಅದು ಕಂಠಪಾಠ. ಸಲ್ಲೇಖನಕ್ಕೆ ಅಲ್ಲಿ ಹೇಳಿದ ಸಂದರ್ಭಗಳು ಉಪಸರ್ಗ (ಹೊರಗಿನಿಂದ ಬಂದ ಆಪತ್ತು), ಬರಗಾಲ, ಮುಪ್ಪು, ರೋಗ. ಆದರೆ ಯಾವ ಬಗೆಯವು? ಪರಿಹಾರವೇ ಇಲ್ಲದಂಥವು. ಪರಿಹಾರವಿಲ್ಲ ಎಂದು ಯಾರು ಹೇಳಬೇಕು? ಹುಡುಕಿ ನೋಡಿದವರು. ಸಮಂತಭದ್ರರ ಬಗ್ಗೆಯೇ ಒಂದು ಐತಿಹ್ಯವಿದೆ. ಭಸ್ಮಕ ರೋಗ ಬಂದು, ಎಷ್ಟು ತಿಂದರೂ ಹಸಿವೆ ಇಂಗದೆ, ಸಲ್ಲೇಖನಕ್ಕೆ ಅಪ್ಪಣೆ ಬೇಡಿದಾಗ ಗುರುಗಳು ಕೊಡಲಿಲ್ಲ. ಹೋಗು, ವಾಸಿ ಮಾಡಿಕೊಂಡು ಬಾ ಎಂದರು. ವಾಸಿಯಾಗಿ ಬಂದದ್ದರಿಂದಲೇ ನಮಗೆ ಅವರ ಗ್ರಂಥಗಳು ಸಿಕ್ಕಿದವು. ಅಷ್ಟು ದೊಡ್ಡ ಮುನಿಗೇ ಮೊದಲು ಮದ್ದು, ಆಮೇಲೆ ವ್ರತ ಎಂದಿರುವಾಗ, ಬಾಯಿಲ್ಲದ ನಾಯಿಗೆ ನಾವೇ ವ್ರತ ಹೊರಿಸಬಹುದೇ? ಹಿರಿಯರು ಬಹಳ ಹೊತ್ತು ಸುಮ್ಮನಿದ್ದು, "ಮದ್ದು ಕೊಡಿ" ಎಂದರು. ಮೊಬೈಲಿನ ಮಂತ್ರವನ್ನು ನಿಲ್ಲಿಸಲಿಲ್ಲ, ನಾನೂ ನಿಲ್ಲಿಸಲು ಹೇಳಲಿಲ್ಲ. ಚುಚ್ಚುಮದ್ದು, ಡ್ರಿಪ್ಪು ಆಗಿ ವಾರದೊಳಗೆ ನಾಯಿ ಗಂಜಿ ನೆಕ್ಕಿತು. ಆಮೇಲೆ ಎರಡು ಮಳೆಗಾಲ ಕಂಡು, ಮುಪ್ಪಿನಲ್ಲಿ, ಗುಣವಾಗದ ಮೂತ್ರಪಿಂಡದ ರೋಗದಿಂದ ಹೋಯಿತು. ಆ ಸಲ ನಾನೇ ಹೇಳಿದೆ, ಇನ್ನು ಮದ್ದಿಲ್ಲ, ಮಂತ್ರ ಕೇಳಿಸಿ ಎಂದು.

ಇದೇ ತಪ್ಪು ಇನ್ನೊಂದು ದಿಕ್ಕಿನಿಂದಲೂ ಆಗುತ್ತದೆ. "ನೋಡ್ಲಿಕ್ಕಾಗುವುದಿಲ್ಲ ಡಾಕ್ಟ್ರೇ, ಒಂದು ಇಂಜೆಕ್ಷನ್ ಕೊಟ್ಟು ಮುಗಿಸಿಬಿಡಿ" ಎಂದು ಬರುವವರಿದ್ದಾರೆ. ಗುಣವಾಗುವ ಕಾಯಿಲೆಗೂ ಹಾಗೆ ಕೇಳುತ್ತಾರೆ. ದಯಾಮರಣದ ದೊಡ್ಡ ಚರ್ಚೆ ಇಲ್ಲಿ ಬೇಡ. ಪರಿಹಾರ ಉಂಟೋ ಇಲ್ಲವೋ ಎಂಬ ಪ್ರಶ್ನೆಯನ್ನು ಅವರೂ ಹಾರಿಸಿಬಿಡುತ್ತಾರೆ ಎಂಬುದಷ್ಟೇ ನನ್ನ ಮಾತು.

ಮಂತ್ರಕ್ಕೂ ಮದ್ದಿಗೂ ಜಗಳ ಹಚ್ಚಿದವರು ಹಿಂದಿನವರಲ್ಲ. ಭಾಸ್ಕರ ಕವಿ 1424ರಲ್ಲಿ ಭಾಮಿನೀ ಷಟ್ಪದಿಯಲ್ಲಿ ಬರೆದ ಜೀವಂಧರ ಚರಿತೆಯ ನಾಯಕನ ಕಥೆ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಯಜ್ಞದ ಹವಿಸ್ಸನ್ನು ಮುಟ್ಟಿತೆಂದು ಪೆಟ್ಟು ತಿಂದು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಜೀವಂಧರ ಪಂಚನಮಸ್ಕಾರ, ಅಂದರೆ ಅದೇ ಣಮೋಕಾರ ಮಂತ್ರ, ಹೇಳುತ್ತಾನೆ, ನಾಯಿ ಸತ್ತು ಸುದರ್ಶನನೆಂಬ ಯಕ್ಷನಾಗಿ ಹುಟ್ಟಿ ಮುಂದೆ ಅವನ ಕಷ್ಟಕ್ಕೆ ಒದಗುತ್ತದೆ. ಹೇಳುವವರೆಲ್ಲ ಮಂತ್ರದ ಮಹಿಮೆ ಹೇಳಿ ಮುಗಿಸುತ್ತಾರೆ. ಆದರೆ ಕಥೆಯಲ್ಲಿ ಅವನು ಮೊದಲು ಆ ನಾಯಿಯನ್ನು ಬದುಕಿಸಲು ಯತ್ನಿಸುತ್ತಾನೆ. ಅದು ಆಗದು ಎಂದಾದ ಮೇಲೆ ಮಂತ್ರ. ಈ ಕ್ರಮವನ್ನು ನಾನು ಯಾವ ಪ್ರವಚನದಲ್ಲೂ ಕೇಳಿಲ್ಲ, ನನಗೆ ಇಡೀ ಕಥೆಯಲ್ಲಿ ಅದೇ ಮುಖ್ಯ. ಭಾಸ್ಕರನಿಗೂ ಮೂರು ಶತಮಾನ ಮೊದಲು, 1125ರ ಸುಮಾರಿಗೆ, ಚಾಳುಕ್ಯ ರಾಜಕುಮಾರ ಕೀರ್ತಿವರ್ಮ ಕನ್ನಡದಲ್ಲಿ ಗೋವೈದ್ಯ ಬರೆದ. ಅವನೂ ಜೈನ. ದನದ ರೋಗಗಳಿಗೆ ಅದರಲ್ಲಿ ಮದ್ದೂ ಇದೆ, ಮಂತ್ರವೂ ಇದೆ. ಅರಸುಮನೆಯವನೊಬ್ಬ ಕೊಟ್ಟಿಗೆಯ ಸಂಕಟವನ್ನು ಬರೆಯಲು ತಕ್ಕ ವಿಷಯವೆಂದು ಭಾವಿಸಿದನಲ್ಲ, ಕನ್ನಡಿಗರು ಹೆಮ್ಮೆಪಡಬೇಕಾದದ್ದು ಅದಕ್ಕೆ.

ಇತ್ತೀಚೆಗೆ ಬೆಂಗಳೂರಿನಿಂದ ನನ್ನ ತಂಗಿಯ ಮಗಳು ಫೋನ್ ಮಾಡಿದಳು. ಬೆಕ್ಕು ಸಾಕಿದ್ದಾಳೆ, ಅಜ್ಜಿಯಿಂದ ಕಲಿತ ಸಾಮಾಯಿಕವನ್ನೂ, ಅಂದರೆ ಸಮಭಾವದಲ್ಲಿ ಕೂರುವ ವ್ರತವನ್ನೂ, ಬಿಟ್ಟಿಲ್ಲ. "ಮಾವ, ಸಾಮಾಯಿಕಕ್ಕೆ ಕೂತಾಗ ಮಧ್ಯದಲ್ಲಿ ಏಳಬಾರದು ಅಂತಾರಲ್ಲ. ಎದುರಿಗೇ ಬೆಕ್ಕು ಬಾಯಿ ತೆರೆದು ಉಸಿರಾಡ್ಲಿಕ್ಕೆ ಶುರು ಮಾಡಿದ್ರೆ? ಸಮಭಾವ ಅಂತ ಕೂತಿರಬೇಕಾ?" ಎಂದು ಕೇಳಿದಳು.

ಒಂದು ಸಾಮಾಯಿಕ ಒಂದು ಮುಹೂರ್ತ, 48 ನಿಮಿಷ. ಅಂಥ ಬೆಕ್ಕಿಗೆ ಅಷ್ಟು ನಿಮಿಷ ಇರುವುದಿಲ್ಲ. ನಾನು ಅವಳಿಗೆ ಏಳು ಎಂದೆ. ವ್ರತಭಂಗಕ್ಕೆ ಪ್ರಾಯಶ್ಚಿತ್ತ ಉಂಟು, ಗುರುಗಳನ್ನು ಕೇಳಿ ಆಮೇಲೆ ಮಾಡಿಕೊಳ್ಳಬಹುದು. ಎದುರಿಗಿರುವ ಜೀವ ಉಸಿರಿಗಾಗಿ ಒದ್ದಾಡುವಾಗ ಕಣ್ಣು ಮುಚ್ಚಿ ಕೂತರೆ ಅದು ಸಮಭಾವವಾಗುವುದಿಲ್ಲ. ಬುಟ್ಟಿಯಲ್ಲಿ ಬಟ್ಟೆ ಹಾಸಿ ಬೆಕ್ಕು ತಾನು ಹೇಗೆ ಕೂತಿದೆಯೋ ಹಾಗೆಯೇ ಇಡು, ಅಡ್ಡ ಮಲಗಿಸಬೇಡ, ಎದೆ ಒತ್ತಿ ಅಪ್ಪಿಕೊಳ್ಳಬೇಡ, ಬಾಯಿಗೆ ನೀರು ಹಾಲು ಹುಯ್ಯಬೇಡ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ ಎಂದು ಹೇಳಿದೆ. ಹೊರಡುವ ಮೊದಲೇ ಆಸ್ಪತ್ರೆಗೆ ಫೋನ್ ಮಾಡಿ, ಬೆಕ್ಕು ಬಾಯಿ ತೆರೆದು ಉಸಿರಾಡುತ್ತಿದೆ, ಇಷ್ಟು ಹೊತ್ತಿಗೆ ತಲುಪುತ್ತೇವೆ ಎಂದು ತಿಳಿಸಿದರೆ ಅವರು ಆಮ್ಲಜನಕ ಸಿದ್ಧ ಮಾಡಿ ಇಟ್ಟಿರುತ್ತಾರೆ. ಅವಳ ಮನೆಗೆ ಹತ್ತಿರ ರಾತ್ರಿಯೂ ತೆರೆದಿರುವ ಆಸ್ಪತ್ರೆ ಯಾವುದು ಎಂದು ಕೇಳಿದೆ. ಗೊತ್ತಿಲ್ಲ ಮಾವ ಎಂದಳು. ಇವತ್ತೇ ವಿಚಾರಿಸಿ ನಂಬರ್ ಬರೆದಿಡು, ಆಮೇಲೆ ಸಾಮಾಯಿಕಕ್ಕೆ ಕೂರು ಎಂದೆ.